ಅನ್ನವಿದ್ದೂ ಉಪವಾಸ

ಮಳೆಯನ್ನೇ ನಂಬಿದ ತೊಂಡೇಬಾವಿಯ ಕಡೆಯ ಹಿರಿಯರಿಗೆ ಉಪವಾಸವೆಂದರೆ ಎರಡೇ ಅರ್ಥ: ಬರ, ಇಲ್ಲವೆ ವ್ರತ. 1876–78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯ ಸುಮಾರು 10 ಲಕ್ಷ ಜನರು ಹಸಿವು ರೋಗಗಳಿಂದ ಅಳಿದರು. ಅಂತಹ ನೆಲದಲ್ಲಿ, ಮುದ್ದೆ ಬೆಂದಿರುವಾಗ ಪ್ರಾಯದ ಮಗಳು ಬೇಡವೆಂದು ಎದ್ದುಹೋದರೆ ಮನೆಯವರು ಹಟವೆಂದು ಗದರಿಸುತ್ತಾರೆ; ಶನಿವಾರವಾದರೆ ಭಕ್ತಿಯೆಂದು ಮೆಚ್ಚುತ್ತಾರೆ. ವ್ಯಾಧಿಯೆಂದು ಬಗೆಯುವವರು ವಿರಳ.

ವ್ಯಾಧಿಯೇ ಅದು. ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಇದಕ್ಕೆ 1873ರಲ್ಲಿಯೇ ಅನೊರೆಕ್ಸಿಯಾ ನರ್ವೋಸಾ ಎಂದು ಹೆಸರಿಟ್ಟನು. ಎಲುಬು ಎದ್ದು ಕಾಣುತ್ತಿದ್ದರೂ ರೋಗಿಗೆ ತಾನು ಸ್ಥೂಲಳೆಂಬ ಭಯ ಬಿಡದು. ಮುಟ್ಟು ನಿಲ್ಲುತ್ತದೆ, ನಾಡಿ ಮಂದವಾಗುತ್ತದೆ, ಮೂಳೆ ಸವೆಯುತ್ತದೆ. ಇದರ ಸೋದರಿ ಬುಲಿಮಿಯಾ ಇನ್ನೂ ಗುಪ್ತವಾದುದು: ಮರೆಯಲ್ಲಿ ಮಿತಿಮೀರಿ ತಿಂದು, ಮರೆಯಲ್ಲಿಯೇ ವಾಂತಿ ಮಾಡಿಕೊಳ್ಳುವುದು. ಮೈತೂಕ ಮಾಮೂಲಾಗಿರುವುದರಿಂದ ಯಾರಿಗೂ ಸಂಶಯ ಬಾರದು. ಆದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯವು ಹಠಾತ್ತಾಗಿ ನಿಲ್ಲಬಹುದು. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ.

ವಂಶ, ಮನೋಧರ್ಮಗಳ ಪಾಲು ಇದರಲ್ಲಿ ಉಂಟು. ಕಣ್ಣಿಗೆ ಬೀಳುವ ಚಿತ್ರಗಳ ಪಾಲೂ ಉಂಟು. ಫಿಜಿ ದ್ವೀಪದ ಒಂದು ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂದಾಗ, ವಿಚಾರಿಸಲ್ಪಟ್ಟ ಬಾಲಿಕೆಯರಲ್ಲಿ ತೂಕವಿಳಿಸಲು ವಾಂತಿ ಮಾಡುವವಳು ಒಬ್ಬಳೂ ಇರಲಿಲ್ಲ. 1998ರಲ್ಲಿ ನೂರಕ್ಕೆ 11 ಮಂದಿ ಇದ್ದರು. ನಮ್ಮಲ್ಲಿ ಈಗ ಆ ಪರದೆಯು ಅಂಗೈಯಲ್ಲಿಯೇ ಇದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ತರುವಾಯ ತೀರಿಕೊಂಡಳು. ಆಕೆಗೆ ಈ ವ್ಯಾಧಿಯಿತ್ತೆಂದು ನಾವು ಹೇಳುತ್ತಿಲ್ಲ. ಮೈಯ ಅಳತೆಗೆ ಎಷ್ಟು ಬೆಲೆ ತೆರಲಾಗುತ್ತಿದೆಯೆಂಬುದನ್ನಷ್ಟೇ ಹೇಳುತ್ತಿದ್ದೇವೆ.

ಪರದೆಯೊಂದನ್ನೇ ದೂರುವುದು ನ್ಯಾಯವಲ್ಲ. ಹೆಣ್ಣು ನೋಡಲು ಬಂದವರು ಬಣ್ಣ, ಗಾತ್ರಗಳ ಲೆಕ್ಕ ಹಾಕುವುದನ್ನು ವಾಚಕ ಮಹಾಶಯರು ಕಂಡಿಲ್ಲವೆ? ನಾವೇ ಒಂದು ಮದುವೆಯಲ್ಲಿ ಬಂಧುಗಳ ಮಗಳನ್ನು ಕಂಡು, “ಏನಮ್ಮ, ಊದಿಕೊಂಡುಬಿಟ್ಟೆಯಲ್ಲ!” ಎಂದು ಸಲಿಗೆಯಿಂದ ಅಂದೆವು. ಆ ಹುಡುಗಿ ಎಲೆಯ ಮುಂದೆ ಕುಳಿತಳು, ಉಣ್ಣಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಲವಂತದ ತುತ್ತಾಗಲಿ ಹಂಗಿಸುವ ಮಾತಾಗಲಿ ಇದಕ್ಕೆ ಔಷಧವಲ್ಲ. ಮನಸ್ಸನ್ನೂ ಶರೀರವನ್ನೂ ಒಟ್ಟಿಗೆ ನೋಡುವ ಚಿಕಿತ್ಸೆಯುಂಟು; ಬೇಗ ಹಿಡಿದರೆ ಗುಣವಾಗುವ ಸಂಭವ ಹೆಚ್ಚು. 14416 ಎಂಬ ಟೆಲಿ-ಮಾನಸ್ ದೂರವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ತೊಂಡೇಬಾವಿಯ ನಿಲ್ದಾಣದಿಂದ ಬೆಂಗಳೂರಿಗೆ ರೈಲುಂಟು. ಅಲ್ಲಿ ನಿಮ್ಹಾನ್ಸ್ ಉಂಟು. ಮಗಳು ಮೂರ್ಛೆ ಹೋದರೆ, ಎದೆ ತಪ್ಪಿ ಬಡಿದರೆ, ರೈಲನ್ನೂ ಕಾಯದೆ ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಒಯ್ಯತಕ್ಕದ್ದು.