ಮುದ್ದೆಯಲ್ಲಿ ಎಷ್ಟು ಕ್ಯಾಲ್ಸಿಯಂ? ಪೋಷಣಾ ವಿಜ್ಞಾನದ ಪದವಿಯಲ್ಲಿ ಕಲಿಸುವುದೇನು

ಪಿಯುಸಿ ಮುಗಿಸಿದ ಮಗಳು ಬಿ.ಎಸ್ಸಿ.ಯಲ್ಲಿ ಆಹಾರ ಮತ್ತು ಪೋಷಣೆ ಓದುತ್ತೇನೆ ಎಂದರೆ ಮನೆಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಅಡುಗೆ ಕಲಿಯೋಕೆ ಕಾಲೇಜು ಯಾಕೆ ಎನ್ನುವವರು ಕೆಲವರು. ತೂಕ ಇಳಿಸುವ ಸಲಹೆ ಕೊಟ್ಟುಕೊಂಡು ಹೇಗೋ ಸಂಪಾದಿಸಬಹುದು ಎನ್ನುವವರು ಉಳಿದವರು. ಇಬ್ಬರಿಗೂ ಈ ಪದವಿಯ ಪರಿಚಯವಿಲ್ಲ. ಮೊದಲ ವರ್ಷ ಹೆಚ್ಚಿನ ಸಮಯ ಹೋಗುವುದು ರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳಿಗೆ. ಅಡುಗೆಯೂ ಇದೆ, ಆದರೆ ಅಲ್ಲಿ ಒಲೆಯ ಪಕ್ಕದಲ್ಲೇ ತಕ್ಕಡಿ ಇರುತ್ತದೆ.

ಈ ಓದಿನ ತಿರುಳು ಅಳತೆ. ಒಂದು ಪದಾರ್ಥದಲ್ಲಿ ಏನಿದೆ, ಅದರಲ್ಲಿ ದೇಹಕ್ಕೆ ಸೇರುವುದೆಷ್ಟು, ಆ ದೇಹಕ್ಕೆ ಬೇಕಿರುವುದೆಷ್ಟು ಎಂಬ ಮೂರು ಪ್ರಶ್ನೆಗಳ ಸುತ್ತ ಮೂರು ವರ್ಷ ಸಾಗುತ್ತದೆ.

ಪ್ರೋಟೀನನ್ನೇ ನೋಡಿ. ಜೆಲ್ಡಾಲ್ ವಿಧಾನದಲ್ಲಿ ಆಹಾರದ ಮಾದರಿಯನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಅದರಲ್ಲಿನ ನೈಟ್ರೋಜನನ್ನು ಅಮೋನಿಯಾ ಆಗಿ ಬಟ್ಟಿ ಇಳಿಸಿ, ಟೈಟ್ರೇಷನ್ ಮಾಡಿ ಅಳೆಯುತ್ತಾರೆ. ಪ್ರೋಟೀನಿನಲ್ಲಿ ಸರಾಸರಿ ಶೇ 16ರಷ್ಟು ನೈಟ್ರೋಜನ್ ಇರುವುದರಿಂದ ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. ಅಂದರೆ ಪೊಟ್ಟಣದ ಮೇಲೆ ನಾವು ಓದುವ ಪ್ರೋಟೀನಿನ ಅಂಕಿ ಎಷ್ಟೋ ಸಲ ನೇರವಾಗಿ ಅಳೆದದ್ದಲ್ಲ, ನೈಟ್ರೋಜನಿನಿಂದ ಊಹಿಸಿದ್ದು. ಈ ಸಂದಿಯಲ್ಲೇ 2008ರಲ್ಲಿ ಚೀನಾದ ಹಾಲಿನ ವಂಚನೆ ನುಸುಳಿತು. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ರಾಸಾಯನಿಕ ಸೇರಿಸಿದರು. ಅದರ ತೂಕದಲ್ಲಿ ಮೂರನೇ ಎರಡು ಪಾಲು ನೈಟ್ರೋಜನ್ನೇ ಆದ್ದರಿಂದ ಪರೀಕ್ಷೆಯಲ್ಲಿ ಹಾಲು ಪ್ರೋಟೀನ್‌ಭರಿತವಾಗಿ ಕಂಡಿತು. ಶಿಶು ಆಹಾರದ ಪುಡಿಯ ಮೂಲಕ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಅನೇಕರಿಗೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು, ಕೆಲವು ಕೂಸುಗಳು ತೀರಿಕೊಂಡವು. ಒಂದು ಅಂಕಿ ಹೇಗೆ ಹುಟ್ಟುತ್ತದೆಂದು ತಿಳಿಯದೆ ಅದನ್ನು ನಂಬುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ನನಗೆ ಇದಕ್ಕಿಂತ ಬಲವಾದ ಪಾಠ ಗೊತ್ತಿಲ್ಲ.

ಪ್ರತಿಯೊಂದನ್ನೂ ವಿದ್ಯಾರ್ಥಿಯೇ ಅಳೆಯಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳ ವಿವರವಿದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಸಂಶೋಧನೆಗೆಂದು ರಾಬರ್ಟ್ ಮೆಕ್ಯಾರಿಸನ್ ಶುರುಮಾಡಿದ ಪುಟ್ಟ ಪ್ರಯೋಗಾಲಯವೇ ಬೆಳೆದು ಈ ಸಂಸ್ಥೆಯಾಯಿತು. ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿದರೆ ಸುಮಾರು 273 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕೆಂಬ ಶಿಫಾರಸಿನ ಕಾಲು ಭಾಗಕ್ಕಿಂತ ತುಸು ಹೆಚ್ಚು.

ಲೆಕ್ಕ ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರಿಗೆ ಎರಡನೆಯ ವರ್ಷದ ಪೋಷಣಾ ಜೀವರಸಾಯನಶಾಸ್ತ್ರ ತಡೆ ಹಾಕುತ್ತದೆ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಿಂದದ್ದೆಲ್ಲ ರಕ್ತಕ್ಕೆ ಸೇರದು. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮಕ್ಕಳಿಗೆ ರಾಗಿಸರಿ ಮಾಡಲು ಅಜ್ಜಿಯಂದಿರು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಿದ್ದುದರ ರಾಸಾಯನಿಕ ಕಾರಣ ಇಲ್ಲಿ ಸಿಗುತ್ತದೆ. ಊಟದ ಜೊತೆ ಹಿಂಡಿದ ನಿಂಬೆಹಣ್ಣು ಸೊಪ್ಪಿನ ಕಬ್ಬಿಣ ಹೀರಲು ನೆರವಾಗುತ್ತದೆ, ಊಟವಾದ ಕೂಡಲೇ ಕುಡಿದ ಚಹಾ ಅದನ್ನು ತಡೆಯುತ್ತದೆ.

ಮೂರನೆಯ ಪ್ರಶ್ನೆ, ಯಾರಿಗೆ ಎಷ್ಟು ಬೇಕು ಎಂಬುದು, ಎಲ್ಲಕ್ಕಿಂತ ನಾಜೂಕಿನದು. ನಮ್ಮ ದೇಶದ 2020ರ ಮಾರ್ಗಸೂಚಿಯಲ್ಲಿ ಪ್ರೋಟೀನಿಗೆ ಎರಡು ಅಂಕಿಗಳಿವೆ. ದೇಹತೂಕದ ಪ್ರತಿ ಕೆ.ಜಿ.ಗೆ 0.66 ಗ್ರಾಂ ಎಂಬುದು ಸರಾಸರಿ ಅಗತ್ಯ, ಜನರಲ್ಲಿ ಅರ್ಧದಷ್ಟು ಮಂದಿಗೆ ಅಷ್ಟು ಸಾಕು. 0.83 ಗ್ರಾಂ ಎಂಬುದು ಶಿಫಾರಸು, ಹೆಚ್ಚು ಕಡಿಮೆ ಎಲ್ಲರಿಗೂ ಸಾಕಾಗುವಂತೆ ಮೇಲಕ್ಕೆ ಏರಿಸಿದ್ದು. 55 ಕೆ.ಜಿ. ತೂಕದ ಮಹಿಳೆಗೆ ಇವು ಸುಮಾರು 36 ಮತ್ತು 46 ಗ್ರಾಂ ಆಗುತ್ತವೆ. ಆಕೆ ದಿನಕ್ಕೆ 40 ಗ್ರಾಂ ತಿನ್ನುತ್ತಿದ್ದರೆ ಕೊರತೆ ಇದೆಯೇ? ಇದೆ ಎಂದು ಖಚಿತವಾಗಿ ಹೇಳಲಾಗದು. ಆಕೆಯ ಸ್ವಂತ ಅಗತ್ಯ 40ಕ್ಕಿಂತ ಕಡಿಮೆ ಇರಬಹುದು. ಹಾಗೆಯೇ ಒಂದು ಊರಿನಲ್ಲಿ ಎಷ್ಟು ಜನರಿಗೆ ಕೊರತೆ ಇದೆ ಎಂದು ಅಂದಾಜಿಸಲು ಶಿಫಾರಸಿನ ಅಂಕಿ ಬಳಸಿದರೆ ಕೊರತೆ ಇಲ್ಲದವರೂ ಪಟ್ಟಿ ಸೇರುತ್ತಾರೆ. ಅಲ್ಲಿ ಬಳಸಬೇಕಾದದ್ದು ಸರಾಸರಿ ಅಗತ್ಯದ ಅಂಕಿ. ಪ್ರೋಟೀನ್ ಪುಡಿಯ ಜಾಹೀರಾತುಗಳು ಈ ವ್ಯತ್ಯಾಸವನ್ನು ಎಂದೂ ಹೇಳುವುದಿಲ್ಲ. ಹೇಳಬಲ್ಲವರನ್ನು ತಯಾರಿಸುವುದು ಈ ಪದವಿಯ ಕೆಲಸ.

ಕೊನೆಯ ವರ್ಷದ ಚಿಕಿತ್ಸಾ ಪಥ್ಯದಲ್ಲಿ ಹಿಂದೆ ಕಲಿತದ್ದು ಕೆಲವೊಮ್ಮೆ ತಲೆಕೆಳಗಾಗುತ್ತದೆ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಡಿ, ಪೋಷಕಾಂಶ ಹೋಗುತ್ತದೆ ಎಂಬುದು ಮೊದಲ ಪಾಠ. ರಕ್ತದಲ್ಲಿ ಪೊಟ್ಯಾಸಿಯಂ ಏರಿರುವ ಮೂತ್ರಪಿಂಡದ ರೋಗಿಗೆ ಅದೇ ನೀರನ್ನು ಚೆಲ್ಲಲು ಹೇಳಬೇಕು. ಎಲ್ಲರಿಗೂ ಒಳ್ಳೆಯದೆನ್ನುವ ಎಳನೀರನ್ನೂ ಬೇಡ ಎನ್ನಬೇಕಾಗುತ್ತದೆ.

ಹಳ್ಳಿಯ ಕ್ಷೇತ್ರಕಾರ್ಯದ ಕಲಿಕೆ ಬೇರೆಯೇ. ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಟೇಪು ಸುತ್ತಿದಾಗ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಹಿಂದಿನ ದಿನ ತಿಂದದ್ದನ್ನು ಕೇಳಿ ಬರೆದುಕೊಳ್ಳುವುದಕ್ಕೂ ಕ್ರಮವಿದೆ. 'ನಿನ್ನೆ ಹಾಲು ಕುಡಿದ್ರಾ ಅಮ್ಮಾ?' ಎಂದರೆ ಎದುರಿನವರು ಸಂಕೋಚಕ್ಕೆ ಹೂಂ ಎನ್ನುತ್ತಾರೆ. 'ಬೆಳಿಗ್ಗೆ ಎದ್ದಮೇಲೆ ಮೊದ್ಲು ಏನ್ ತಗೊಂಡ್ರಿ?' ಎಂದು ಕೇಳಬೇಕು. ಆಮೇಲೆ ಅವರದೇ ಲೋಟ, ಸೌಟುಗಳನ್ನು ತರಿಸಿ ಅಳತೆ ಕಟ್ಟಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇಷ್ಟು ಕೆಲಸ ಬಾಕಿಯಿರುವ ರಾಜ್ಯದಲ್ಲಿ ಈ ಓದನ್ನು ಹುಡುಗಿಯರ ಹಗುರ ಕೋರ್ಸ್ ಎನ್ನುವುದು ನನಗೆ ನೋವಿನ ಸಂಗತಿ. ಹುಡುಗರೂ ಇದನ್ನು ಓದಬೇಕು.

ಸೇರುವ ಮುನ್ನ ಹೆಸರುಗಳನ್ನು ಬೇರ್ಪಡಿಸಿಕೊಳ್ಳಿ. ಆಹಾರ ತಂತ್ರಜ್ಞಾನ ಎಂದರೆ ಸಂಸ್ಕರಣೆ, ಪ್ಯಾಕಿಂಗ್, ಕಾರ್ಖಾನೆ. ಪೋಷಣೆ ಮತ್ತು ಪಥ್ಯಶಾಸ್ತ್ರ ಎಂದರೆ ದೇಹ, ಕಾಯಿಲೆ, ಸಮುದಾಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ನಾಲ್ಕು ವರ್ಷದ ಪದವಿ, ಅದರಲ್ಲಿ ಪೋಷಣೆ ಒಂದು ಭಾಗ. ರಾಜ್ಯದ ಸಾಮಾನ್ಯ ಬಿ.ಎಸ್ಸಿ. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಪಿಯುಸಿಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ್ದರೆ ಮೊದಲ ವರ್ಷ ಹಗುರವಾಗುತ್ತದೆ.

ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಆಗಬೇಕೆನ್ನುವವರು ಬಿ.ಎಸ್ಸಿ.ಗೇ ನಿಲ್ಲಬಾರದು. ಎಂ.ಎಸ್ಸಿ. ಅಥವಾ ಸ್ನಾತಕೋತ್ತರ ಡಿಪ್ಲೊಮಾ, ಆಸ್ಪತ್ರೆಯ ಇಂಟರ್ನ್‌ಶಿಪ್, ನಂತರ ಇಂಡಿಯನ್ ಡಯೆಟಿಟಿಕ್ ಅಸೋಸಿಯೇಷನ್‌ನ ನೋಂದಾಯಿತ ಡಯೆಟಿಷಿಯನ್ ಪರೀಕ್ಷೆ ಎಂಬುದು ಹೆಚ್ಚಿನವರು ಹಿಡಿಯುವ ದಾರಿ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಈ ವೃತ್ತಿಯನ್ನೂ ಒಳಗೊಂಡಿದೆ. ಹಾಗಾಗಿ ಪದವಿಗೆ ಮಾನ್ಯತೆ ಇದೆಯೇ ಎಂದು ಕಾಲೇಜಿನಲ್ಲಿ ಮೊದಲೇ ವಿಚಾರಿಸಿ. ವಿಚಾರಿಸಲು ಹೋದಾಗ ಆಹಾರ ವಿಶ್ಲೇಷಣೆಯ ಪ್ರಯೋಗಾಲಯ ತೋರಿಸಲು ಕೇಳಿ, ಉಪಕರಣಗಳು ಬಳಕೆಯಲ್ಲಿವೆಯೋ ಬೀರುವಿನಲ್ಲಿವೆಯೋ ನೋಡಿ. ಕೊನೆಯ ವರ್ಷದ ವಿದ್ಯಾರ್ಥಿಗಳು ಸಿಕ್ಕರೆ, ಯಾವ ಆಸ್ಪತ್ರೆಗೆ, ಯಾವ ಹಳ್ಳಿಗೆ, ಎಷ್ಟು ವಾರ ಕಳಿಸಿದ್ದರು ಎಂದು ಅವರನ್ನೇ ಕೇಳಿ.