ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ

ಶಾಲೆಯ ಅಂಗಳಕ್ಕೆ ಒಂದರ ಹಿಂದೊಂದು ಟಂಟಂ ಬಂದು ನಿಲ್ಲುತ್ತಿವೆ. ಎಣ್ಣೆ ಹಚ್ಚಿ ಬಾಚಿದ ತಲೆ, ಎದೆಗೆ ಒತ್ತಿ ಹಿಡಿದ ಪರೀಕ್ಷೆ ಪ್ಯಾಡು. ಸುತ್ತಲಿನ ಹಳ್ಳಿಗಳ ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಇಳಿದು ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತಮ್ಮ ನಂಬರು ಹುಡುಕುತ್ತಾರೆ. ಕೊಪ್ಪಳ ಸೀಮೆಯ ಈ ಊರಲ್ಲಿ ಇವತ್ತು ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆ. ಊಟದ ಅಕ್ಕಿ ಒಬ್ಬರದು, ಬಹುಮಾನದ ದುಡ್ಡು ಮತ್ತೊಬ್ಬರದು, ಶಾಮಿಯಾನ ಶಾಲಾಭಿವೃದ್ಧಿ ಸಮಿತಿಯವರದು (ಎಸ್‌ಡಿಎಂಸಿ). ಹೊಲದ ಕೆಲಸ ಬಿಟ್ಟು ಬಂದ ತಾಯಿಯೊಬ್ಬಳು ಕಾಂಪೌಂಡಿನ ಬಳಿ ನಿಂತಿದ್ದಾಳೆ. "ಸರ, ನಮ್ ಹುಡುಗಿ ಯಾವ ಕ್ವಾಣ್ಯಾಗ ಕುಂತಾಳ್ರೀ?" ಕಿಟಕಿಯಿಂದ ಮಗಳ ಬಗ್ಗಿದ ತಲೆ ಕಂಡ ಮೇಲೆಯೇ ಅವಳಿಗೆ ಸಮಾಧಾನ. ಗಣಿತಕ್ಕಾಗಿ ಊರಿಗೆ ಊರೇ ಸೇರುವುದು ಸಣ್ಣ ಸಂಗತಿಯಲ್ಲ.

ಇದರ ಹಿಂದೆ ಇರುವುದು 'ಗಣಿತ ಕಲಿಕಾ ಆಂದೋಲನ'. 2000ದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಕ್ಷರ ಫೌಂಡೇಶನ್ ಶಿಕ್ಷಣ ಇಲಾಖೆಯೊಂದಿಗೆ ಸೇರಿ ಕಟ್ಟಿದ್ದು. ಹೊಸಕೋಟೆಯಲ್ಲಿ ಮೊದಲು ಪ್ರಯೋಗ, ಆಮೇಲೆ ಕಲ್ಯಾಣ ಕರ್ನಾಟಕ, ಆಮೇಲೆ ರಾಜ್ಯ. ಮಣಿಚೌಕಟ್ಟು, ಸ್ಥಾನಬೆಲೆ ಪಟ್ಟಿ, ಭಿನ್ನರಾಶಿಯ ಬಿಲ್ಲೆ, ಆಟದ ನೋಟು ತುಂಬಿದ ಗಣಿತ ಕಿಟ್ಟು ಸರ್ಕಾರಿ ಶಾಲೆಗಳಿಗೆ ಹೀಗೆ ಬಂತು.

ಸ್ಪರ್ಧೆ ಒಂದು ದಿನದ್ದು. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು, ಅಕ್ಕಪಕ್ಕದ ಶಾಲೆಗಳು ಸೇರಿದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಕರೆಯುವ ಶಿಕ್ಷಕರ ಸಮಾಲೋಚನಾ ಸಭೆ.

ಶನಿವಾರದ ಮಧ್ಯಾಹ್ನ. ಬೆಂಚುಗಳನ್ನು ಗೋಡೆಗೆ ಸರಿಸಿ ಶಿಕ್ಷಕರು ಜಮಖಾನದ ಮೇಲೆ ಕೂತಿದ್ದಾರೆ. ಸ್ಟೀಲ್ ಲೋಟದಲ್ಲಿ ಚಹಾ, ಪ್ಲೇಟಿನಲ್ಲಿ ಮಿರ್ಚಿ ಭಜಿ. ಅಕ್ಕೋರು ಒಬ್ಬರು ಐದನೇ ತರಗತಿಯ ನೋಟ್‌ಬುಕ್ ಬಿಡಿಸಿ ನಡುವೆ ಇಡುತ್ತಾರೆ. 1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ ಲೆಕ್ಕ. ತಪ್ಪು ಎಂದು ಕೆಂಪು ಗೆರೆ ಎಳೆಯುವುದು ಸುಲಭ. ಅಕ್ಕೋರು ಹಾಗೆ ಮಾಡುವುದಿಲ್ಲ. ಅರ್ಧದ ಬಿಲ್ಲೆಯ ಪಕ್ಕಕ್ಕೆ ಮೂರನೇ ಒಂದರ ಬಿಲ್ಲೆ ಜೋಡಿಸುತ್ತಾರೆ. ಇಡೀ ವೃತ್ತ ತುಂಬಲು ಆರನೇ ಒಂದು ಮಾತ್ರ ಬಾಕಿ. ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತಲೂ ಕಡಿಮೆ. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆ ಕೇಳಿದರೆ ಮಗುವೇ ರಬ್ಬರು ತೆಗೆದುಕೊಳ್ಳುತ್ತದೆ.

ಪಕ್ಕದಲ್ಲಿದ್ದ ಹೈಸ್ಕೂಲು ಮೇಷ್ಟ್ರು ಬೋರ್ಡಿನ ಮೇಲೆ 1/x + 1/y = 2/(x+y) ಎಂದು ಬರೆಯುತ್ತಾರೆ. ಹತ್ತನೇ ತರಗತಿಯ ಉತ್ತರಪತ್ರಿಕೆಯಲ್ಲಿ ಅವರು ಕಂಡದ್ದು. ತಾಲ್ಲೂಕು ಕೇಂದ್ರದಿಂದ ಬಂದ ಪಿಯು ಉಪನ್ಯಾಸಕರು ತಲೆಯಾಡಿಸುತ್ತಾರೆ: "ನಮ್ಮಲ್ಲಿಗೂ ಇದೇ ಬರತೈತ್ರಿ. ಮೊದಲನೇ ವರ್ಷ ಅರ್ಧ ಇದನ್ನ ತಿದ್ದೋದರಾಗ ಹೋಗತೈತಿ." ಐದನೇ ತರಗತಿಯಲ್ಲಿ ಅರ್ಥವಾಗದೆ ಉಳಿದ ಭಿನ್ನರಾಶಿ ಬೀಜಗಣಿತದ ವೇಷ ಹಾಕಿ ಕಾಲೇಜಿನವರೆಗೂ ನಡೆದು ಬಂದಿದೆ. ಕಾಲೇಜಿನವರು ಹೈಸ್ಕೂಲನ್ನು, ಹೈಸ್ಕೂಲಿನವರು ಪ್ರಾಥಮಿಕ ಶಾಲೆಯನ್ನು ದೂರುವುದು ನಮ್ಮಲ್ಲಿ ಹಳೆಯ ರೂಢಿ. ಈ ಜಮಖಾನದ ಮೇಲೆ ಮಾತ್ರ ಮೂವರೂ ಒಂದೇ ನೋಟ್‌ಬುಕ್ಕಿಗೆ ಬಗ್ಗಿದ್ದಾರೆ.

ಹೀಗೆ ಕೂಡುವುದು ಶುರುವಾಗುವುದಕ್ಕಿಂತ ನಿಲ್ಲುವುದೇ ಬೇಗ. ಉತ್ಸಾಹದ ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ. ಸಮೀಕ್ಷೆ, ಚುನಾವಣೆ ಕೆಲಸ ಶನಿವಾರವನ್ನು ನುಂಗುತ್ತದೆ. ಬಿಲ್ಲೆ ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಅಂಜಿಕೆಯಿಂದ ಕಿಟ್ಟು ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳುತ್ತದೆ. ಪ್ರೌಢಶಾಲೆಯವರಿಗೆ ವಿಷಯ ಶಿಕ್ಷಕರ ವೇದಿಕೆ ಇದೆ, ಪ್ರಾಥಮಿಕದವರಿಗೆ ಕ್ಲಸ್ಟರ್ ಇದೆ. ಇವೆರಡರ ನಡುವೆ ಬಾಗಿಲಿಲ್ಲ, ಕಾಲೇಜಂತೂ ದೂರವೇ ಉಳಿದಿದೆ. ಪಿಯು ಉಪನ್ಯಾಸಕರು ಅವತ್ತು ಬಂದದ್ದು ಆದೇಶದಿಂದಲ್ಲ, ಪರಿಚಯದಿಂದ. ಪರಿಚಯವನ್ನೇ ನಂಬಿದ ಕೆಲಸ ಆ ಮನುಷ್ಯನ ವರ್ಗಾವಣೆಯೊಂದಿಗೇ ಮುಗಿಯುತ್ತದೆ.

ಇಲಾಖೆ ತಿಂಗಳಿಗೊಂದು ಮಧ್ಯಾಹ್ನವನ್ನು ಬೇರೆ ಯಾವ ಕೆಲಸಕ್ಕೂ ಬಳಸದೆ ಇಂಥ ಸಭೆಗೇ ಮೀಸಲಿಡಲಿ. ಹಾಜರಾದ ಉಪನ್ಯಾಸಕರಿಗೆ ಅದನ್ನು ಕರ್ತವ್ಯದ ದಿನವೆಂದೇ ಬರೆದುಕೊಡಲಿ. ಬಿ.ಎಡ್. ಓದುವವರು ಬೋಧನಾಭ್ಯಾಸಕ್ಕೆ ಬಂದಾಗ ಈ ಸಭೆಯಲ್ಲೂ ಕೂರಲಿ. ಕಾಲೇಜಿನಲ್ಲಿ ಗಣಿತ ಕಲಿಸುವವರೇ, ನಿಮ್ಮ ತರಗತಿಗೆ ನಾಳೆ ಬರುವ ಮಕ್ಕಳು ಇವತ್ತು ಹತ್ತಿರದ ಸರ್ಕಾರಿ ಶಾಲೆಯ ಐದನೇ ತರಗತಿಯಲ್ಲಿದ್ದಾರೆ. ಬರುವ ಶನಿವಾರ ಅಲ್ಲಿಗೆ ಹೋಗಿ, ಒಂದು ನೋಟ್‌ಬುಕ್ ಕೇಳಿ ನೋಡಿ.