ಅಡಗದ ನಾದದ ಬೆನ್ನುಹತ್ತಿ

ಜಪಾನಿನ ಸಂಗೀತಗಾರ ರ್ಯುಇಚಿ ಸಕಾಮೊಟೊ ಅವರ ಕೊನೆಯ ಧ್ವನಿಮುದ್ರಿಕೆಗೆ ‘12’ ಎಂದಷ್ಟೇ ಹೆಸರು. 2023ನೆಯ ಇಸವಿಯ ಜನವರಿ 17ರಂದು, ತಮ್ಮ 71ನೆಯ ಹುಟ್ಟುಹಬ್ಬದ ದಿನ, ಅವರು ಅದನ್ನು ಹೊರತಂದರು. ಅಲ್ಲಿಂದ 70 ದಿನಗಳಿಗೆ, ಮಾರ್ಚ್ 28ರಂದು, ಕ್ಯಾನ್ಸರ್ ರೋಗದಿಂದ ತೀರಿಕೊಂಡರು. ಸುಮಾರು ಒಂದು ಗಂಟೆಯ ಈ ಮುದ್ರಿಕೆಯಲ್ಲಿ 12 ಕೃತಿಗಳಿವೆ. ಪ್ರತಿಯೊಂದಕ್ಕೂ ತಾರೀಖೇ ಹೆಸರು. ಮೊದಲನೆಯದು 20210310, ಎಂದರೆ 2021ರ ಮಾರ್ಚ್ 10. ಒಂದೇ ಒಂದಕ್ಕೆ ಮಾತ್ರ ತಾರೀಖಿನೊಡನೆ ‘ಸರಬಾಂದ್’ ಎಂಬ, ಹಳೆಯ ಯುರೋಪಿನ ಮಂದಗತಿಯ ನೃತ್ಯವೊಂದರ ಹೆಸರು ಸೇರಿದೆ. ಹಾಡಿಲ್ಲ, ತಾಳವಿಲ್ಲ, ಮುಖ್ಯವಾಗಿ ಪಿಯಾನೋ, ಮತ್ತು ಸಿಂಥಸೈಸರ್ ಎಂಬ ವಿದ್ಯುತ್ ವಾದ್ಯ. ಇವೆರಡರ ಸ್ವಭಾವ ಒಂದಕ್ಕೊಂದು ತೀರ ವಿರುದ್ಧವಾದುದು. ಆ ವಿರೋಧವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ತತ್ವದಲ್ಲಿ ಬೇರೂರಿದೆಯಾದುದರಿಂದ ಅದನ್ನು ಇಲ್ಲಿ ವಿವರಿಸಲು ಹೊರಟಿದ್ದೇವೆ.

ಸಕಾಮೊಟೊ ಅವರು 1952ರಲ್ಲಿ ಟೋಕಿಯೋ ನಗರದಲ್ಲಿ ಜನಿಸಿದರು. ಅಲ್ಲಿಯ ಲಲಿತಕಲೆಗಳ ವಿಶ್ವವಿದ್ಯಾನಿಲಯದಲ್ಲಿ ಸಂಗೀತರಚನೆಯನ್ನು ಕ್ರಮವಾಗಿ ಅಭ್ಯಾಸಮಾಡಿ, 1978ರಲ್ಲಿ ಇಬ್ಬರು ಗೆಳೆಯರೊಡನೆ ‘ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ’ ಎಂಬ ತಂಡವನ್ನು ಸೇರಿ ವಿದ್ಯುತ್ ವಾದ್ಯಗಳ ಸಂಗೀತವನ್ನು ಜನಪ್ರಿಯಗೊಳಿಸಿದರು. ‘ದಿ ಲಾಸ್ಟ್ ಎಂಪರರ್’ ಚಲಚ್ಚಿತ್ರದ ಸಂಗೀತಕ್ಕಾಗಿ 1988ರಲ್ಲಿ ಅವರಿಗೂ ಇನ್ನಿಬ್ಬರಿಗೂ ಕೂಡಿ ಆಸ್ಕರ್ ಪ್ರಶಸ್ತಿ ಬಂತು. ಇವೆಲ್ಲ ಪ್ರಸಿದ್ಧ ಸಂಗತಿಗಳು. ನಮಗೆ ಹೆಚ್ಚು ಸ್ವಾರಸ್ಯವೆನಿಸುವುದು, 2017ರಲ್ಲಿ ಅವರನ್ನು ಕುರಿತು ತೆಗೆದ ‘ಕೋಡಾ’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ಆಡಿದ ಒಂದು ಮಾತು. ಪಿಯಾನೋ ಸ್ವರವು ಹುಟ್ಟಿದೊಡನೆಯೇ ಕ್ಷೀಣಿಸತೊಡಗುತ್ತದೆ. ಎಂದಿಗೂ ಕ್ಷೀಣಿಸದ, ನಿರಂತರವಾಗಿ ನಿಲ್ಲುವ ನಾದವೊಂದು ತಮ್ಮ ಮನಸ್ಸನ್ನು ಸೆಳೆದಿದೆ ಎಂಬುದು ಅದರ ತಾತ್ಪರ್ಯ. ಆ ವೇಳೆಗಾಗಲೇ ಅವರು ಒಮ್ಮೆ, 2014ರಲ್ಲಿ, ಗಂಟಲಿನ ಕ್ಯಾನ್ಸರಿಗೆ ತುತ್ತಾಗಿದ್ದರು.

ಪಿಯಾನೋ ಸ್ವರ ಕ್ಷೀಣಿಸುವುದೇಕೆ? ಗಾಳಿಯ ತಡೆ, ತಂತಿಯೊಳಗಿನ ಘರ್ಷಣೆ ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರ ಕೊಡುತ್ತಾರೆ. ಉತ್ತರ ಸುಳ್ಳಲ್ಲ, ಆದರೆ ಅದರಲ್ಲಿ ತಿರುಳು ತಪ್ಪಿಹೋಗಿದೆ. ಪ್ರಯೋಗಶಾಲೆಯ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ರಬ್ಬರಿನ ತುಂಡಿನ ಮೇಲೆ ತಟ್ಟಿ ಕೈಯಲ್ಲೇ ಹಿಡಿದುಕೊಳ್ಳಿರಿ. ಕಿವಿಯ ಬಳಿಗೆ ತಂದರೆ ಮಾತ್ರ ಕೇಳಿಸುವಷ್ಟು ಮೆಲುದನಿ. ಆದರೆ ಅದು ಬಹಳ ಹೊತ್ತು ಉಳಿಯುತ್ತದೆ. ಈಗ ಮತ್ತೊಮ್ಮೆ ಅಷ್ಟೇ ಬಲವಾಗಿ ತಟ್ಟಿ, ಹಿಡಿಯ ತುದಿಯನ್ನು ಮರದ ಮೇಜಿಗೆ ಒತ್ತಿರಿ. ಕೊಠಡಿಯೆಲ್ಲ ಕೇಳುವಂತೆ ದನಿ ಏಳುತ್ತದೆ, ಆದರೆ ಬೇಗನೆ ಅಡಗಿಹೋಗುತ್ತದೆ. ಮೇಜು ತಾನಾಗಿ ಶಕ್ತಿಯನ್ನೇನೂ ಸೇರಿಸಲಿಲ್ಲ. ಕವೆಯಲ್ಲಿದ್ದ ಶಕ್ತಿಯನ್ನೇ ಅದು ವೇಗವಾಗಿ ಹೊರಸೆಳೆದು ಗಾಳಿಗೆ ಹಂಚಿತು. ನಾವು ಕೇಳುವ ಶಬ್ದವು ಕಂಪಿಸುವ ವಸ್ತುವಿನ ಆದಾಯವಲ್ಲ, ವೆಚ್ಚ. ಏನನ್ನೂ ವೆಚ್ಚಮಾಡದ ತಂತಿಯೊಂದು ಇದ್ದಲ್ಲಿ ಅದು ಎಂದೆಂದಿಗೂ ಕಂಪಿಸುತ್ತಿದ್ದೀತು; ಆದರೆ ಅದರ ದನಿ ಯಾರ ಕಿವಿಗೂ ಬೀಳದು. ಮೀಟಿಬಿಟ್ಟ ತಂತಿಯಲ್ಲಿ ಅಡಗದ ನಾದವನ್ನು ಬಯಸುವುದೆಂದರೆ ಗಂಟು ಕರಗದಂತೆ ಖರ್ಚುಮಾಡಬೇಕೆಂದು ಬಯಸಿದಂತೆ.

ಪಿಯಾನೋ ಈ ವೆಚ್ಚವನ್ನು ಜಾಣತನದಿಂದ ನಡೆಸುವ ಯಂತ್ರ. ಅದರ 88 ಮನೆಗಳಿಗೆ ಸುಮಾರು 230 ಉಕ್ಕಿನ ತಂತಿಗಳು. ಎಲ್ಲವೂ ಕೂಡಿ ಎಳೆಯುವ ಬಲ ಸುಮಾರು 20 ಟನ್ ತೂಕಕ್ಕೆ ಸಮ. ಅದನ್ನು ತಾಳಿಕೊಳ್ಳಲೆಂದೇ ಎರಕದ ಕಬ್ಬಿಣದ ಚೌಕಟ್ಟು. ತಂತಿ ಸಣ್ಣದಾದ್ದರಿಂದ ತಾನೇ ಗಾಳಿಯನ್ನು ಹೆಚ್ಚಾಗಿ ಅಲುಗಿಸಲಾರದು. ಕುದುರೆಯ ಮೂಲಕ ಅಗಲವಾದ ಮರದ ಹಲಗೆಗೆ ತನ್ನ ಕಂಪನವನ್ನು ಒಪ್ಪಿಸುತ್ತದೆ. ನಮ್ಮ ಪ್ರಯೋಗದ ಮೇಜಿನ ಕೆಲಸ ಈ ಹಲಗೆಯದು. ಪ್ರತಿ ಕ್ಷಣದಲ್ಲಿಯೂ ತಂತಿಯಲ್ಲಿ ಉಳಿದಿರುವ ಶಕ್ತಿಯ ಒಂದು ನಿಶ್ಚಿತ ಪಾಲು ಹೊರಹೋಗುತ್ತದೆ. ಸೆಕೆಂಡಿಗೆ ಅರ್ಧದಂತೆ ಹೋಗುವುದೆಂದು ಇಟ್ಟುಕೊಂಡರೆ, 10 ಸೆಕೆಂಡುಗಳಲ್ಲಿ 1024ರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ನಮ್ಮ ಕಿವಿ ಅಳೆಯುವುದು ವ್ಯತ್ಯಾಸಗಳನ್ನಲ್ಲ, ಪ್ರಮಾಣಗಳನ್ನು. ಆದಕಾರಣ ಈ ಇಳಿತ ಅದಕ್ಕೆ ಸಮನಾದ ಮೆಟ್ಟಿಲುಗಳಂತೆ ತೋರುತ್ತದೆ: ಸೆಕೆಂಡಿಗೆ 3 ಡೆಸಿಬೆಲ್, 10 ಸೆಕೆಂಡಿಗೆ 30 ಡೆಸಿಬೆಲ್. ಇದು ಸಾಮಾನ್ಯ ಮಾತಿನ ಮಟ್ಟದಿಂದ ಪಿಸುಮಾತಿನ ಮಟ್ಟಕ್ಕೆ ಇಳಿದಂತಾಯಿತು.

ನಿಜವಾದ ಪಿಯಾನೋದಲ್ಲಿ ವಿಷಯ ಇನ್ನೂ ಸೊಗಸಾಗಿದೆ. ನಡುವಣ ಮತ್ತು ಮೇಲಿನ ಸ್ವರಗಳಲ್ಲಿ ಒಂದೊಂದು ಮನೆಗೂ ಮೂರು ಮೂರು ತಂತಿಗಳಿರುತ್ತವೆ. ಸುತ್ತಿಗೆ ಮೂರನ್ನೂ ಏಕಕಾಲಕ್ಕೆ ಹೊಡೆಯುವುದರಿಂದ ಅವು ಮೊದಲು ಒಟ್ಟಿಗೆ ಮೇಲೆ ಕೆಳಗೆ ಆಡುತ್ತ ಕುದುರೆಯನ್ನು ಒಂದೇ ಕಡೆಗೆ ತಳ್ಳುತ್ತವೆ. ಶಕ್ತಿ ಬೇಗ ಬೇಗ ಹೊರಬೀಳುತ್ತದೆ. ಆದರೆ ಮೂರು ತಂತಿಗಳ ಶ್ರುತಿ ಸಂಪೂರ್ಣವಾಗಿ ಒಂದೇ ಆಗಿರುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಂದು ಮೇಲಕ್ಕೆ ಹೋಗುವಾಗ ಇನ್ನೊಂದು ಕೆಳಗಿಳಿಯತೊಡಗುತ್ತದೆ. ಆಗ ಕುದುರೆಯ ಮೇಲಿನ ತಳ್ಳಾಟಗಳು ಒಂದನ್ನೊಂದು ಬಹುಮಟ್ಟಿಗೆ ಕಳೆದುಹಾಕುತ್ತವೆ, ಸೋರಿಕೆ ಕಡಮೆಯಾಗುತ್ತದೆ, ಸ್ವರವು ತೆಳುವಾದರೂ ಬಹಳ ಹೊತ್ತು ಎಳೆಯುತ್ತದೆ. ಈ ಎರಡು ಬಗೆಯ ಇಳಿತವನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಗೇಬ್ರಿಯಲ್ ವೈನ್‌ರೈಕ್ ಅವರು 1977ರಲ್ಲಿ ಗಣಿತದಿಂದಲೂ ಅಳತೆಗಳಿಂದಲೂ ವಿಶದಪಡಿಸಿದರು. ಅಂದಮೇಲೆ ಪಿಯಾನೋ ಸ್ವರದ ಆ ಚೆಲುವಾದ ಬಾಲಕ್ಕೆ ಕಾರಣ ಶ್ರುತಿಯಲ್ಲಿ ಉಳಿದುಕೊಂಡ ಎಳ್ಳಷ್ಟು ಭೇದವೇ. ನುರಿತ ಶ್ರುತಿಗಾರರು ಸೂತ್ರಗಳ ಹಂಗಿಲ್ಲದೆ ಇದನ್ನು ಕಿವಿಯಿಂದಲೇ ಸಾಧಿಸುತ್ತ ಬಂದಿದ್ದಾರೆ.

ಹಾಗಾದರೆ ಅಡಗದ ನಾದವೇ ಅಸಾಧ್ಯವೋ? ಹೊರಗಿನಿಂದ ಶಕ್ತಿಯನ್ನು ತುಂಬುತ್ತಿದ್ದರೆ ಅಸಾಧ್ಯವಲ್ಲ. ನಮ್ಮ ಸಂಗೀತ ಕಚೇರಿಗಳಲ್ಲಿ ತಂಬೂರಿಯನ್ನು ಬಿಡುವಿಲ್ಲದೆ ಮೀಟುತ್ತಿರುವುದು ಇದಕ್ಕಾಗಿಯೇ. ಉಯ್ಯಾಲೆಯನ್ನು ಕಾಲವರಿತು ತಳ್ಳುವ ತಾಯಿ, ಲೋಲಕಕ್ಕೆ ಪ್ರತಿ ತೂಗಿಗೂ ಚೂರು ನೂಕು ಕೊಡುವ ಗೋಡೆ ಗಡಿಯಾರ, ಎಲ್ಲವೂ ಇದೇ ಉಪಾಯವನ್ನು ಅನುಸರಿಸುತ್ತವೆ. ವಿದ್ಯುತ್ತಿನಲ್ಲಿ ಈ ಉಪಾಯ ಕೈಗೂಡಿದ್ದು ರೇಡಿಯೋ ವಾಲ್ವಿನಿಂದ. 1906ರಲ್ಲಿ ಲೀ ಡಿ ಫಾರೆಸ್ಟ್ ಅವರು ಮೂರು ವಿದ್ಯುದ್ವಾರಗಳ ವಾಲ್ವನ್ನು ನಿರ್ಮಿಸಿದರು. ಕೆಲವೇ ವರ್ಷಗಳಲ್ಲಿ, ಅದರ ಹೊರದಾರಿಯಲ್ಲಿ ಬರುವ ವರ್ಧಿತ ವಿದ್ಯುತ್ತಿನ ಒಂದಂಶವನ್ನು ಸರಿಯಾದ ಹೊತ್ತಿಗೆ ಒಳದಾರಿಗೇ ಮರಳಿ ಊಡಿಸಿದರೆ ಮಂಡಲವು ತನ್ನಷ್ಟಕ್ಕೆ ತಾನೇ ಆಂದೋಲಿಸುತ್ತ ಉಳಿಯುವುದೆಂದು ಕಂಡುಬಂತು. ಮುಂದೆ ವಾಲ್ವಿನ ಸ್ಥಾನವನ್ನು ಟ್ರಾನ್ಸಿಸ್ಟರು ಆಕ್ರಮಿಸಿತು. ತತ್ವ ಮಾತ್ರ ಬದಲಾಗಲಿಲ್ಲ. ಇಂಥ ಆಂದೋಲಕವು ಸೆಕೆಂಡಿಗೆ 440 ಕಂಪನಗಳ ಸ್ವರವನ್ನು ಒಂದು ನಿಮಿಷವಾದರೂ ಒಂದು ತಿಂಗಳಾದರೂ ಕುಂದಿಲ್ಲದೆ ಹಿಡಿದೀತು. ಅಡಗದ ನಾದವೆಂದರೂ ಪುಕ್ಕಟೆಯದಲ್ಲ, ವೆಚ್ಚವೆಲ್ಲ ವಿದ್ಯುತ್ತಿನ ಬಿಲ್ಲಿಗೆ ಸೇರುತ್ತದೆಂಬುದನ್ನು ಮರೆಯಬಾರದು.

ಸಿಂಥಸೈಸರಿನ ಹೃದಯವೇ ಈ ಆಂದೋಲಕ. ಸಕಾಮೊಟೊ ಅವರಿಗೆ ಬಹಳ ಪ್ರಿಯವಾಗಿದ್ದ ‘ಪ್ರಾಫೆಟ್-5’ ಎಂಬ ವಾದ್ಯ 1978ರಲ್ಲಿ ಅಮೆರಿಕದಲ್ಲಿ ಬಂದದ್ದು. ಏಕಕಾಲಕ್ಕೆ ಐದು ಸ್ವರಗಳನ್ನು ನುಡಿಸಬಲ್ಲುದಾದುದರಿಂದ ಆ ಅಂಕಿ. ಇಲ್ಲಿ ಒಂದು ವಿನೋದವಿದೆ. ಆಂದೋಲಕವನ್ನು ಹಾಗೆಯೇ ಬಿಟ್ಟರೆ ಕೂಗು ನಿಲ್ಲುವುದೇ ಇಲ್ಲ. ಆದ್ದರಿಂದ ಸ್ವರವು ಹುಟ್ಟಿ, ಇಳಿದು, ಅಡಗುವಂತೆ ಮಾಡಲು ಎಂಜಿನಿಯರುಗಳು ಬೇರೆಯೇ ಒಂದು ಮಂಡಲವನ್ನು ಜೋಡಿಸಬೇಕಾಯಿತು. ಅದರಲ್ಲಿ ಒಂದು ಕೆಪಾಸಿಟರು ರೋಧದ ಮೂಲಕ ಖಾಲಿಯಾಗುತ್ತ ಹೋದಂತೆ ಸ್ವರದ ಗಟ್ಟಿತನ ಇಳಿಯುತ್ತದೆ. ಖಾಲಿಯಾಗುವ ಕೆಪಾಸಿಟರಿನ ರೇಖೆಯನ್ನು ಬಿಡಿಸಿ ನೋಡಿದರೆ, ಅದು ಕ್ಷೀಣಿಸುವ ತಂತಿಯ ರೇಖೆಯ ಜಾತಿಯದೇ! ಪಿಯಾನೋದಲ್ಲಿ ಸ್ವರವನ್ನು ಉಳಿಸುವುದಕ್ಕೆ ಶ್ರಮ. ಸಿಂಥಸೈಸರಿನಲ್ಲಿ ಅದನ್ನು ಅಡಗಿಸುವುದಕ್ಕೆ ಶ್ರಮ.

ಹೀಗೆ ಬಯಸಿದ ನಾದವು ಕೈಗೆಟುಕುವಂತಿದ್ದರೂ ಸಕಾಮೊಟೊ ಅವರು ಪಿಯಾನೋವನ್ನು ಬಿಡಲಿಲ್ಲ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯನ್ನು ಸುನಾಮಿ ಅಪ್ಪಳಿಸಿದಾಗ, ಮಿಯಾಗಿ ಪ್ರಾಂತದ ಕೃಷಿ ಪ್ರೌಢಶಾಲೆಯೊಂದರ ಪಿಯಾನೋ ಸಮುದ್ರದ ನೀರಿನಲ್ಲಿ ಮುಳುಗಿತ್ತು. ಮರ ಉಬ್ಬಿ, ತಂತಿ ತುಕ್ಕುಹಿಡಿದು, ಶ್ರುತಿ ಕೆಟ್ಟುಹೋದ ಆ ವಾದ್ಯವನ್ನು ಅವರು ಅಲ್ಲಿಗೆ ಹೋಗಿ ನುಡಿಸಿ ನೋಡಿದರು. ಅದರ ಸ್ವರಗಳನ್ನು 2017ರ ‘ಏಸಿಂಕ್’ ಎಂಬ ಮುದ್ರಿಕೆಯಲ್ಲಿ ಬಳಸಿಕೊಂಡರು. ಮೊದಲು ಹೆಣವನ್ನು ಮುಟ್ಟಿದಂತೆನಿಸಿದರೂ, ನಿಸರ್ಗವೇ ಅದರ ಶ್ರುತಿಯನ್ನು ತಿದ್ದಿತೆಂದು ಬರಬರುತ್ತ ತಮಗೆ ತೋರಿತೆಂದು ಅವರು ಹೇಳುತ್ತಿದ್ದರು. ಕೇಳುವುದಕ್ಕೆ ಇದು ಕವಿಯ ಮಾತು. ಆದರೆ 20 ಟನ್ನಿನ ಎಳೆತವನ್ನು ನೆನೆದರೆ ಇದರಲ್ಲಿ ಒಂದು ಸತ್ಯವಿದೆಯೆಂದು ನಾವು ಒಪ್ಪುತ್ತೇವೆ. ನಾವು ‘ಸರಿಯಾದ ಶ್ರುತಿ’ ಎನ್ನುವುದು ಮರ, ಕಬ್ಬಿಣ, ಉಕ್ಕುಗಳನ್ನು ಬಲವಂತದಿಂದ ಹಿಡಿದಿಟ್ಟ ಸ್ಥಿತಿ. ಬಿಟ್ಟರೆ ಅವು ಸಡಿಲಗೊಂಡು ಕಡಮೆ ಶಕ್ತಿಯ ಸ್ಥಿತಿಗೆ ಜಾರಲು ಸದಾ ಸಿದ್ಧ. ಸಮುದ್ರವು ಆ ಜಾರುವಿಕೆಯನ್ನು ಒಂದೇ ದಿನದಲ್ಲಿ ಬಹುದೂರ ಸಾಗಿಸಿತು.

ಈಗ ‘12’ಕ್ಕೆ ಬರೋಣ. ಎರಡನೆಯ ಬಾರಿ ಕಾಣಿಸಿಕೊಂಡ ಕ್ಯಾನ್ಸರಿಗಾಗಿ 2021ರ ಆರಂಭದಲ್ಲಿ ಅವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ನಡೆಯಿತು. ಆಸ್ಪತ್ರೆಯಿಂದ ತಾತ್ಕಾಲಿಕ ಮನೆಗೆ ಮರಳಿದ ಮೇಲೆ, ಮಾರ್ಚ್ ತಿಂಗಳ ಮೊದಲ ಭಾಗದಲ್ಲಿ ತಮ್ಮ ಕೈ ತಾನಾಗಿ ಸಿಂಥಸೈಸರಿನ ಕಡೆಗೆ ಹೋಯಿತೆಂದೂ, ಏನನ್ನಾದರೂ ರಚಿಸುವ ಉದ್ದೇಶವಿರದೆ ಬರಿಯ ನಾದದಲ್ಲಿ ಮೀಯಬೇಕೆನಿಸಿತೆಂದೂ ಅವರು ಬರೆದಿದ್ದಾರೆ. ಆಮೇಲೆ ಆಗಾಗ ದಿನಚರಿ ಬರೆದಂತೆ ನಾದವನ್ನು ದಾಖಲಿಸುತ್ತ ಹೋಗಿ, ಅವುಗಳಲ್ಲಿ ಹನ್ನೆರಡನ್ನು ಆರಿಸಿದರು. ಮೊದಲ ಕೃತಿಯಲ್ಲಿ ಪಿಯಾನೋ ಇಲ್ಲವೇ ಇಲ್ಲ. ಸಿಂಥಸೈಸರಿನ ನೀಳವಾದ ನಾದಗಳು ಮಂಜಿನಂತೆ ಕವಿದು ಮೆಲ್ಲನೆ ಸರಿಯುತ್ತವೆ. ರೋಗಿಗೆ ಮೊದಲು ಬೇಕಾದುದು ಅಡಗದ ನಾದ. ಮುಂದಿನ ಹಲವು ಕೃತಿಗಳಲ್ಲಿ ಆ ಮಂಜಿನ ಮೇಲೆ ಪಿಯಾನೋ ಸ್ವರಗಳು ಒಂದೊಂದಾಗಿ ಬೀಳುತ್ತವೆ. 2022ರ ಮಾರ್ಚ್ 2ರ ತಾರೀಖಿನ ‘ಸರಬಾಂದ್’ ಬರುವ ಹೊತ್ತಿಗೆ ಮಂಜು ತೆರವಾಗಿದೆ. ಪಿಯಾನೋ ಒಂದೇ. ಸ್ವರಗಳ ನಡುವೆ ವಿಶಾಲವಾದ ಬಿಡುವು. ಒಂದೊಂದು ಸ್ವರವೂ ತನ್ನ ಬಾಲವನ್ನು ಪೂರ್ತಿ ಬಿಚ್ಚುವಷ್ಟು ಸಮಯ.

ಸೂತ್ರದ ಪ್ರಕಾರ ಹೇಳುವುದಾದರೆ ಆ ಬಾಲಕ್ಕೆ ಕೊನೆಯೇ ಇಲ್ಲ. ಅರ್ಧದ ಅರ್ಧವನ್ನು ಎಷ್ಟು ಸಲ ತೆಗೆದರೂ ಸೊನ್ನೆ ಬಾರದು. ಸ್ವರ ‘ಮುಗಿಯಿತು’ ಎಂದು ನಾವೆನ್ನುವುದು, ಅದು ಸುತ್ತಲಿನ ಗದ್ದಲದ ಮಟ್ಟಕ್ಕಿಂತ ಕೆಳಗಿಳಿದಾಗ. ಕೋಣೆಯ ಫ್ಯಾನನ್ನು ನಿಲ್ಲಿಸಿ ಗದ್ದಲವನ್ನು 10 ಡೆಸಿಬೆಲ್‌ನಷ್ಟು ತಗ್ಗಿಸಿದಿರಾದರೆ, ನಾವು ಹಿಂದೆ ಲೆಕ್ಕಹಾಕಿದ ತಂತಿಯ ಆಯುಸ್ಸು ಮೂರು ಸೆಕೆಂಡುಗಳಿಗಿಂತ ಹೆಚ್ಚು ಬೆಳೆಯುತ್ತದೆ! ತಂತಿಯಲ್ಲಿ ಬದಲಾದುದೇನೂ ಇಲ್ಲ.

‘12’ರ ಕೆಲವು ಕೃತಿಗಳಲ್ಲಿ ಈ ಗದ್ದಲದ ನೆಲ ಯಾವುದೆಂಬುದು ಸ್ಪಷ್ಟವಾಗಿ ಕೇಳುತ್ತದೆ. ಅದು ನುಡಿಸುವವರ ಉಸಿರು. ಉಸಿರಾಟದ ಸದ್ದು ಭೌತಶಾಸ್ತ್ರದ ದೃಷ್ಟಿಯಲ್ಲಿ ಸ್ವರವಲ್ಲ. ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವ ಗಾಳಿ ಸುಳಿಸುಳಿಯಾಗಿ ಒಡೆಯುವುದರಿಂದ ಹುಟ್ಟುವ, ಎಲ್ಲ ಆವೃತ್ತಿಗಳೂ ಬೆರೆತ, ಒಂದು ಬಾರಿಯಂತೆ ಇನ್ನೊಂದು ಬಾರಿ ಇರದ ಸದ್ದು ಅದು. ಸ್ಟುಡಿಯೋಗಳಲ್ಲಿ ಇಂಥದನ್ನು ಸಾಮಾನ್ಯವಾಗಿ ಜೋಪಾನವಾಗಿ ಅಳಿಸುತ್ತಾರೆ. ಸಕಾಮೊಟೊ ಅವರು ಹಾಗೆಯೇ ಬಿಟ್ಟಿದ್ದಾರೆ. ಪಿಯಾನೋ ಸ್ವರವು ಇಳಿದು ಇಳಿದು ಆ ಉಸಿರಿನೊಳಕ್ಕೆ ಸೇರಿಹೋಗುತ್ತದೆ. ಎಲ್ಲಿ ಸ್ವರ ನಿಂತು ಉಸಿರು ಮೊದಲಾಯಿತೆಂದು ನಾವು ಹಲವು ಸಲ ಕಿವಿಗೊಟ್ಟರೂ ಗೆರೆ ಎಳೆಯಲಾಗಲಿಲ್ಲ. ಹಿತವಾದ ಹಿನ್ನೆಲೆ ಸಂಗೀತವೆಂದು ಓದುವ ಮೇಜಿನ ಬಳಿ ಇದನ್ನು ಹಾಕಿಕೊಳ್ಳುವವರಿಗೆ ಈ ಭಾಗ ದಕ್ಕುವುದು ಕಷ್ಟವೆಂದು ನಮ್ಮ ಅಭಿಪ್ರಾಯ.

ಮುದ್ರಿಕೆಯಲ್ಲಿ ತಾರೀಖುಗಳ ಕ್ರಮ ತಪ್ಪುವುದು ಕೊನೆಯಲ್ಲಿ ಮಾತ್ರ. 2022ರ ಏಪ್ರಿಲ್ 4ರ ಕೃತಿಯಾದ ಮೇಲೆ ಮಾರ್ಚ್ 4ರದು ಬರುತ್ತದೆ. ಅದರಲ್ಲಿ ಪಿಯಾನೋವೂ ಇಲ್ಲ, ಆಂದೋಲಕವೂ ಇಲ್ಲ. ಗಾಳಿಗೆ ಅಲುಗುವ ಕಿರುಗಂಟೆಗಳಂತಹ ಕಿಣಿಕಿಣಿ, ಸುಮಾರು ಒಂದು ನಿಮಿಷ.